ಓಡಿಸುವುದಕ್ಕಿಂತ ನಿಲ್ಲಿಸುವುದು ಮುಖ್ಯ: ಮನೆಯಲ್ಲೇ ಕಟ್ಟುವ ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡಿಗೆ ಯಾವ ಕಂಟ್ರೋಲರ್?

ಎದುರು ಮನೆಯ ಹುಡುಗ ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದಾನೆ. ಹಲಗೆ, ಟ್ರಕ್ (ಗಾಲಿ ಕೂರುವ ಅಚ್ಚು), 90 ಮಿಲಿಮೀಟರ್ ಗಾಲಿ, 190 ಕೆವಿಯ (ಅಂದರೆ ಪ್ರತಿ ವೋಲ್ಟಿಗೆ ನಿಮಿಷಕ್ಕೆ 190 ಸುತ್ತು ತಿರುಗುವ) ಎರಡು 6374 (63 ಮಿಲಿಮೀಟರ್ ವ್ಯಾಸ, 74 ಉದ್ದ) ಮೋಟಾರು ಎಲ್ಲವನ್ನೂ ಆರು ತಿಂಗಳಲ್ಲಿ ಒಂದೊಂದಾಗಿ ಕೂಡಿಸಿಟ್ಟುಕೊಂಡಿದ್ದಾನೆ. ಕಳೆದ ಭಾನುವಾರ ಮೊಬೈಲ್ ಹಿಡಿದುಕೊಂಡು ಬಂದ. "ಅಣ್ಣ, ನಾಲ್ಕು ಕಂಟ್ರೋಲರ್ ನೋಡಿಟ್ಟಿದ್ದೇನೆ. ಒಂದಕ್ಕೆ ಮೂರು ಸಾವಿರ, ಇನ್ನೊಂದಕ್ಕೆ ಅದರ ಹತ್ತು ಪಟ್ಟು. ಎಲ್ಲದರ ಮೇಲೂ ನೂರು ಆಂಪಿಯರ್ ಎಂದೇ ಬರೆದಿದ್ದಾರೆ. ಯಾವುದನ್ನು ತರಿಸಲಿ?"

ಬೋರ್ಡು ಕಟ್ಟಲು ಹೊರಟ ಎಲ್ಲರೂ ಬಂದು ನಿಲ್ಲುವ ಜಾಗ ಇದೇ. ಕಂಟ್ರೋಲರ್ ಎಂದರೆ ರಿಮೋಟಿನ ಮಾತು ಕೇಳಿ ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಅಳೆದು ಕೊಡುವ ಪೆಟ್ಟಿಗೆ. ಹಲಗೆ ಸರಿಯಾಗದಿದ್ದರೆ ಬದಲಾಯಿಸಬಹುದು, ಬೆಲ್ಟ್ ಹರಿದರೆ ಹೊಸದು ಹಾಕಬಹುದು. ಕಂಟ್ರೋಲರ್ ತಪ್ಪಾಗಿ ಆರಿಸಿದರೆ ದುಡ್ಡಿನ ಜೊತೆಗೆ ಮೈಕೈಗೂ ಪೆಟ್ಟು. ಅವನಿಗೆ ಅಂದು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ಅಳತೆ ಬ್ರೇಕ್

ಕಂಟ್ರೋಲರನ್ನು ಎಲ್ಲರೂ ವೇಗದಿಂದ ಅಳೆಯುತ್ತಾರೆ. ನಾನು ಬ್ರೇಕಿನಿಂದ ಅಳೆಯುತ್ತೇನೆ. ಸೈಕಲ್ಲಿಗೆ ರಬ್ಬರ್ ಕಟ್ಟೆ ಇದೆ, ಸ್ಕೂಟರಿಗೆ ಡ್ರಮ್ ಇದೆ. ಈ ಬೋರ್ಡಿಗೆ ಬೇರೆ ಬ್ರೇಕೇ ಇಲ್ಲ. ನೀವು ರಿಮೋಟಿನ ಚಕ್ರವನ್ನು ಹಿಂದಕ್ಕೆ ಎಳೆದಾಗ ಕಂಟ್ರೋಲರ್ ಮೋಟಾರನ್ನು ಜನರೇಟರಿನಂತೆ ದುಡಿಸಿ, ಗಾಲಿಯ ಓಟದ ಶಕ್ತಿಯನ್ನು ಕರೆಂಟಾಗಿ ಮಾಡಿ ಬ್ಯಾಟರಿಗೆ ವಾಪಸು ತಳ್ಳುತ್ತದೆ. ನಿಲ್ಲುವುದೆಲ್ಲ ಆ ಪುಟ್ಟ ಪೆಟ್ಟಿಗೆಯ ಕೈಯಲ್ಲಿದೆ.

ಲೆಕ್ಕ ಹಾಕಿ ನೋಡೋಣ. 190 ಕೆವಿ ಮೋಟಾರು ಪ್ರತಿ ಆಂಪಿಯರಿಗೆ ಸುಮಾರು 0.05 ನ್ಯೂಟನ್ ಮೀಟರ್ ತಿರುಚುಬಲ ಕೊಡುತ್ತದೆ. 50 ಆಂಪಿಯರ್ ಹರಿಸಿದರೆ 2.5. ಮೋಟಾರಿಗೆ 16 ಹಲ್ಲು, ಗಾಲಿಗೆ 36 ಹಲ್ಲಿನ ಪುಲ್ಲಿ ಇದ್ದರೆ ಅದು ಎರಡೂಕಾಲು ಪಟ್ಟಾಗುತ್ತದೆ. 90 ಮಿಲಿಮೀಟರ್ ಗಾಲಿಯ ಅಂಚಿನಲ್ಲಿ ನೆಲವನ್ನು ಹಿಡಿಯುವ ಬಲ ಸುಮಾರು 125 ನ್ಯೂಟನ್. ಆಳು ಮತ್ತು ಬೋರ್ಡು ಸೇರಿ 80 ಕಿಲೋ ಎಂದುಕೊಂಡರೆ, ಗಂಟೆಗೆ 30 ಕಿಲೋಮೀಟರ್ ವೇಗದಿಂದ ನಿಲ್ಲಲು ಒಂದೇ ಮೋಟಾರಿಗೆ 22 ಮೀಟರ್ ಬೇಕು. ಎರಡು ಮೋಟಾರಿದ್ದರೆ 11 ಮೀಟರ್. ಬೆಂಗಳೂರಿನ ಅಡ್ಡರಸ್ತೆಯಲ್ಲಿ ಗೇಟಿನಿಂದ ಹಿಮ್ಮುಖವಾಗಿ ಹೊರಬರುವ ಕಾರಿನ ಮುಂದೆ ಈ 11 ಮೀಟರ್ ವ್ಯತ್ಯಾಸ ಎಂದರೆ ಏನೆಂದು ಯೋಚಿಸಿ.

ಇದರಲ್ಲಿ ಇನ್ನೊಂದು ಒಳಸುಳಿ ಇದೆ, ಮಾರಾಟದ ಪುಟಗಳಲ್ಲಿ ಯಾರೂ ಹೇಳುವುದಿಲ್ಲ. ಎರಡು ಮೋಟಾರು ಆ ಬಲದಲ್ಲಿ 30ರ ವೇಗವನ್ನು ಹಿಡಿದು ನಿಲ್ಲಿಸುವಾಗ ಹುಟ್ಟುವ ಶಕ್ತಿ ಮೊದಲ ಕ್ಷಣದಲ್ಲಿ 2000 ವ್ಯಾಟಿಗೂ ಮೇಲೆ. 36 ವೋಲ್ಟಿನ ಬ್ಯಾಟರಿಗೆ ಅದು 50 ಆಂಪಿಯರಿಗಿಂತ ಹೆಚ್ಚು. ಸ್ಯಾಮ್‌ಸಂಗ್ 30ಕ್ಯೂ ತರಹದ 18650 ಲಿಥಿಯಂ ಸೆಲ್ ಒಂದಕ್ಕೆ ಹೆಚ್ಚೆಂದರೆ 4 ಆಂಪಿಯರ್ ಚಾರ್ಜ್ ಮಾಡಬಹುದು. 10ಎಸ್2ಪಿ ಪ್ಯಾಕಿಗೆ (ಹತ್ತು ಸೆಲ್ ಒಂದರ ಹಿಂದೊಂದು, ಅಂಥ ಎರಡು ಸಾಲು ಪಕ್ಕಪಕ್ಕ) ಒಟ್ಟು 8, 10ಎಸ್4ಪಿಗೆ 16. ಮೋಟಾರಿನ ತಂತಿಯಲ್ಲೇ ಬಿಸಿಯಾಗಿ ಕಳೆದುಹೋಗುವ ಪಾಲು ಇದ್ದೇ ಇರುತ್ತದೆ, ವೇಗ ಇಳಿದಂತೆ ಬ್ರೇಕ್ ಬಲವೂ ಏರುತ್ತದೆ. ಆದರೂ ಪ್ಯಾಕು ಚಿಕ್ಕದಿದ್ದರೆ ಅತಿ ವೇಗದಲ್ಲಿರುವಾಗಲೇ ಬ್ರೇಕು ಸಪ್ಪೆ. 11 ಮೀಟರಿನ ಲೆಕ್ಕ ಅಲ್ಲಿ ನಿಲ್ಲುವುದಿಲ್ಲ. ಬ್ಯಾಟರಿ ಎಷ್ಟು ನುಂಗಬಲ್ಲದು ಎಂಬುದನ್ನು ಕಂಟ್ರೋಲರಿಗೆ ನೀವೇ ಹೇಳಲು ಸಾಧ್ಯವಿದೆಯೇ, ಅಥವಾ ಕಾರ್ಖಾನೆಯವರು ನಿರ್ಧರಿಸಿಬಿಟ್ಟಿದ್ದಾರೆಯೇ? ನಾನು ಮೊದಲು ಕೇಳುವ ಪ್ರಶ್ನೆ ಇದು.

ಇದನ್ನು ನಾನು ಕಲಿತದ್ದು ಮೂರು ವರ್ಷದ ಹಿಂದೆ, ನಮ್ಮ ಬಡಾವಣೆಯ ನೀರಿನ ಟ್ಯಾಂಕಿನಿಂದ ಮುಖ್ಯರಸ್ತೆಗೆ ಇಳಿಯುವ ದಾರಿಯಲ್ಲಿ. ರಾತ್ರಿಯಿಡೀ ಚಾರ್ಜ್ ಆಗಿ 10ಎಸ್ ಪ್ಯಾಕ್ 42 ವೋಲ್ಟಿಗೆ ತುಂಬಿ ನಿಂತಿತ್ತು. ಬೆಳಗಿನ ಆರೂವರೆ, ರಸ್ತೆ ಖಾಲಿ. ಇಳಿಜಾರಿನ ಅರ್ಧದಲ್ಲಿ ಬ್ರೇಕ್ ಎಳೆದೆ. ಒಂದು ಕ್ಷಣ ಹಿಡಿಯಿತು. ಮರುಕ್ಷಣ ಕಾಲ ಕೆಳಗಿನ ಹಿಡಿತ ಪೂರ್ತಿ ಬಿಟ್ಟುಹೋಯಿತು. ಬೆರಳು ರಿಮೋಟಿನ ಚಕ್ರವನ್ನು ಕೊನೆಯವರೆಗೂ ಎಳೆದಿತ್ತು, ಬೋರ್ಡು ಮಾತ್ರ ವೇಗ ಏರಿಸಿಕೊಂಡು ಇಳಿಯುತ್ತಿತ್ತು. ಕಟ್ಟುತ್ತಿದ್ದ ಮನೆಯೊಂದರ ಮುಂದೆ ಮರಳಿನ ರಾಶಿ ಇತ್ತು, ಅದರ ಮೇಲೆ ಹಾರಿದೆ. ಮೊಣಕೈ ಕಿತ್ತುಹೋಯಿತು, ಹೆಲ್ಮೆಟ್ಟಿನ ಒಂದು ಬದಿ ತರಚಿತು. ಬೋರ್ಡನ್ನು ಆರಿಸದೆ ಹಾಗೆಯೇ ಮನೆಗೆ ತಂದು ಲ್ಯಾಪ್‌ಟಾಪಿಗೆ ಜೋಡಿಸಿ ನೋಡಿದರೆ, ಓವರ್ ವೋಲ್ಟೇಜ್ ಎಂದು ದೋಷ ದಾಖಲಾಗಿತ್ತು. ಪ್ಯಾಕಿನ ರಕ್ಷಣೆಗೆ ಹಾಕಿದ್ದ ಬಿಎಂಎಸ್ ಎಂಬ ಸರ್ಕ್ಯೂಟು, ತುಂಬಿದ ಸೆಲ್ಲುಗಳಿಗೆ ಇನ್ನಷ್ಟು ಕರೆಂಟ್ ಬರುತ್ತಿದೆ ಎಂದು ಕಂಡು ಒಳಬರುವ ಹಾದಿಯನ್ನು ಮುಚ್ಚಿತ್ತು. ಹೋಗಲು ಜಾಗವಿಲ್ಲದ ಕರೆಂಟ್ ಕಂಟ್ರೋಲರಿನ ವೋಲ್ಟೇಜನ್ನು ಮಿತಿಯಾಚೆ ಏರಿಸಿತು, ಅದು ತನ್ನನ್ನು ಉಳಿಸಿಕೊಳ್ಳಲು ಮೋಟಾರನ್ನು ಕೈಬಿಟ್ಟಿತು.

ಅಂದಿನಿಂದ ನನ್ನ ಬೋರ್ಡುಗಳಲ್ಲಿ ಬಿಎಂಎಸ್ ಇರುವುದು ಚಾರ್ಜಿಂಗಿಗೆ ಮಾತ್ರ. ಓಡಿಸುವ ಕರೆಂಟ್ ಫ್ಯೂಸಿನ ಮೂಲಕ ನೇರವಾಗಿ ಕಂಟ್ರೋಲರಿಗೆ ಹೋಗುತ್ತದೆ. ಹಾಗೆ ಮಾಡಿದರೆ ಬ್ಯಾಟರಿ ತೀರಾ ಇಳಿಯದಂತೆ ನೋಡಿಕೊಳ್ಳುವ ಹೊಣೆ ಕಂಟ್ರೋಲರಿನದಾಗುತ್ತದೆ. 10ಎಸ್‌ಗೆ ನಾನು 34 ವೋಲ್ಟಿನಲ್ಲಿ ಶಕ್ತಿ ಕಡಿಮೆಯಾಗಲು ಶುರುವಾಗಿ 31ರಲ್ಲಿ ಪೂರ್ತಿ ನಿಲ್ಲುವಂತೆ ಇಡುತ್ತೇನೆ. ಈ ಅಂಕಿಗಳನ್ನು ಬದಲಿಸಲು ಬಿಡದ ಕಂಟ್ರೋಲರಿಗೆ ಈ ಜೋಡಣೆ ಹೊಂದುವುದಿಲ್ಲ.

ವೋಲ್ಟ್, ಆಂಪಿಯರ್ ಮತ್ತು ಹೊರಡುವ ಕ್ಷಣ

ಒಂದೇ ಶಕ್ತಿಯನ್ನು ಕಡಿಮೆ ವೋಲ್ಟಿನಲ್ಲಿ ಪಡೆಯಬೇಕಾದರೆ ಕರೆಂಟ್ ಹೆಚ್ಚಬೇಕು. 1500 ವ್ಯಾಟಿಗೆ 6ಎಸ್ ಬ್ಯಾಟರಿಯಿಂದ ಸುಮಾರು 68 ಆಂಪಿಯರ್ ಎಳೆಯಬೇಕು, 12ಎಸ್ ಆದರೆ 34 ಸಾಕು. ಕರೆಂಟ್ ಇಮ್ಮಡಿಯಾದರೆ ತಂತಿಯ ಬಿಸಿ ನಾಲ್ಕು ಪಟ್ಟು. ಹಾಗಾಗಿ ನನ್ನ ಮತ 10ಎಸ್ ಅಥವಾ 12ಎಸ್ ಕಡೆಗೆ. ಆದರೆ 60 ವೋಲ್ಟ್ ಎಂದು ಬರೆದ ಕಂಟ್ರೋಲರಿಗೆ 60 ವೋಲ್ಟಿನ ಹತ್ತಿರದ ಬ್ಯಾಟರಿ ಹಾಕಬೇಡಿ. ಬ್ರೇಕ್ ಹಿಡಿದಾಗ ವೋಲ್ಟೇಜ್ ಏರುತ್ತದೆ. 12ಎಸ್ ತುಂಬಿದಾಗ 50.4. ಅಲ್ಲಿಗೆ ನಿಲ್ಲಿಸಿ.

ಆಂಪಿಯರಿನ ವಿಷಯದಲ್ಲೇ ಹುಡುಗನಿಗೆ ಗೊಂದಲವಾದದ್ದು. ಕಂಟ್ರೋಲರಿನಲ್ಲಿ ಎರಡು ಬೇರೆ ಕರೆಂಟುಗಳಿವೆ: ಬ್ಯಾಟರಿಯಿಂದ ಬರುವುದು, ಮೋಟಾರಿಗೆ ಹೋಗುವುದು. ನಿಂತ ಜಾಗದಿಂದ ಏರಿನಲ್ಲಿ ಹೊರಡುವಾಗ ಮೋಟಾರಿನಲ್ಲಿ 50 ಆಂಪಿಯರ್ ಹರಿಯುತ್ತಿದ್ದರೂ ಬ್ಯಾಟರಿಯಿಂದ ಬರುತ್ತಿರುವುದು 8–10 ಇರಬಹುದು. ಬಿಸಿಯಾಗುವುದು ಮೋಟಾರಿನ ಕರೆಂಟಿಗೆ. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ಬಹಳ ಸಲ ಕೆಲವೇ ಸೆಕೆಂಡು ತಡೆಯಬಲ್ಲ ಮೋಟಾರ್ ಕರೆಂಟು. ನೀವು ಹುಡುಕಬೇಕಾದದ್ದು ನಿರಂತರ ಎಂದು ಬರೆದ ಅಂಕಿಯನ್ನು. ಅದನ್ನು ಹೇಳದ ಮಾರಾಟಗಾರನಿಂದ ಕೊಳ್ಳಬೇಡಿ.

ಹೊರಡುವ ಕ್ಷಣವೂ ಮುಖ್ಯ. ಮೋಟಾರು ಯಾವ ಕೋನದಲ್ಲಿದೆ ಎಂದು ತಿಳಿಸುವ ಹಾಲ್ ಸೆನ್ಸರ್ ಅದರೊಳಗೆ ಇದ್ದು ಕಂಟ್ರೋಲರ್ ಅದನ್ನು ಓದಬಲ್ಲದಾದರೆ ಬೋರ್ಡು ನಿಂತಲ್ಲಿಂದ ಎಣ್ಣೆ ಹಚ್ಚಿದಂತೆ ಜಾರಿ ಹೊರಡುತ್ತದೆ. ಸೆನ್ಸರ್ ಇಲ್ಲದಿದ್ದರೆ ಕಟಕಟ ಎಂದು ನಡುಗುತ್ತದೆ, ಕಾಲಿನಿಂದ ಒಂದೆರಡು ಬಾರಿ ತಳ್ಳಿಕೊಳ್ಳಬೇಕು. ಹೊಸಬರು ಬೀಳುವುದು ಹೆಚ್ಚಾಗಿ ಈ ನಡುಕದಲ್ಲೇ.

ಆಟಿಕೆ ಕಾರಿನ ಕಂಟ್ರೋಲರ್

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಡ್ರೋನ್ ಮತ್ತು ಆಟಿಕೆ ವಿಮಾನದ ಮೋಟಾರ್ ಕಂಟ್ರೋಲರುಗಳಾದ ಇಎಸ್‌ಸಿಗಳು ಸುಲಭವಾಗಿ ಸಿಗುತ್ತವೆ. ಅವುಗಳನ್ನು ಇಲ್ಲಿಯೇ ಪಕ್ಕಕ್ಕಿಡಿ. ರೆಕ್ಕೆ ತಿರುಗಿಸಲು ಮಾಡಿದ ಅವುಗಳಲ್ಲಿ ಬೆರಳಿನ ಒತ್ತಡಕ್ಕೆ ತಕ್ಕಂತೆ ಹಿಡಿಯುವ ಬ್ರೇಕ್ ಇಲ್ಲ. ರಿಮೋಟ್ ಕಾರಿನ ಇಎಸ್‌ಸಿಯಲ್ಲಿ ಬ್ರೇಕ್ ಇದೆ, ಬೆಲೆಯೂ ಕಡಿಮೆ. ಆದರೆ ಹೆಚ್ಚಿನವು 6ಎಸ್‌ಗೆ ನಿಲ್ಲುತ್ತವೆ, ಅಂದರೆ ಮೇಲೆ ಹೇಳಿದ ನಾಲ್ಕು ಪಟ್ಟು ಬಿಸಿ. ಎರಡು ಕಿಲೋ ತೂಗುವ ಕಾರಿಗೆ ಮಾಡಿದ ಬ್ರೇಕು 80 ಕಿಲೋವನ್ನು ನಿಲ್ಲಿಸುವಾಗ ಒಮ್ಮೆಗೇ ಕಚ್ಚುತ್ತದೆ ಅಥವಾ ತಡವಾಗಿ ಕಚ್ಚುತ್ತದೆ. ಸಮತಟ್ಟಾದ ಮೈದಾನದಲ್ಲಿ ಮೋಟಾರು ತಿರುಗುತ್ತದೆಯೇ ಎಂದು ಪರೀಕ್ಷಿಸಲು ಸಾಕು. ರಸ್ತೆಗೆ ನಾನು ಒಪ್ಪುವುದಿಲ್ಲ, ಬೆಲೆ ಎಷ್ಟೇ ಕಡಿಮೆಯಿರಲಿ.

ಸಿದ್ಧ ಬೋರ್ಡುಗಳ ಜೋಡಿ ಕಂಟ್ರೋಲರ್

ಚೀನಾದಿಂದ ಬರುವ ಸಿದ್ಧ ಬೋರ್ಡುಗಳೊಳಗೆ ಹೆಚ್ಚಾಗಿ ಇರುವುದು ಹಾಬಿವಿಂಗ್ ಅಥವಾ ಲಿಂಗ್‌ಯಿ ಕಂಪನಿಯ ಕಂಟ್ರೋಲರ್. ಎರಡು ಮೋಟಾರಿಗೂ ಒಂದೇ ಪೆಟ್ಟಿಗೆ, ಜೊತೆಗೆ ಮೊದಲೇ ಹೊಂದಿಸಿದ ರಿಮೋಟು. ಗಾಲಿಯೊಳಗೇ ಮೋಟಾರಿರುವ ಹಬ್ ಮೋಟಾರಿನವರಿಗೆ ಇದು ಒಳ್ಳೆಯ ದಾರಿ. ಪ್ಲಗ್ಗುಗಳನ್ನು ಸೇರಿಸಿ, ಸ್ವಿಚ್ ಒತ್ತಿದರೆ ಆಯಿತು. ಲ್ಯಾಪ್‌ಟಾಪ್ ಬೇಕಿಲ್ಲ, ಬೆಸುಗೆಯೂ ಹೆಚ್ಚಿಲ್ಲ. ನಾನು ಓಡಿಸಿದವುಗಳಲ್ಲಿ ಹಾಬಿವಿಂಗಿನ ಬ್ರೇಕ್ ಬೆಣ್ಣೆಯಂತೆ ಮೃದು. ಲಿಂಗ್‌ಯಿ ಅದಕ್ಕಿಂತ ಗಡುಸು, ಮುಂದಿನ ಕಾಲಿಗೆ ಭಾರ ಹಾಕದೆ ಹಿಡಿದರೆ ಮುಗ್ಗರಿಸುವಂತಾಗುತ್ತದೆ.

ಕೊರತೆ ಎಂದರೆ ಇದು ಬೀಗ ಹಾಕಿದ ಪೆಟ್ಟಿಗೆ. 10ಎಸ್‌ಗೆ ಮಾಡಿದ್ದು 10ಎಸ್‌ಗೆ, 12ಎಸ್‌ಗೆ ಮಾಡಿದ್ದು 12ಎಸ್‌ಗೆ. ಬ್ರೇಕ್ ಎಷ್ಟು ಕರೆಂಟ್ ವಾಪಸು ಕಳಿಸಬೇಕು, ಯಾವ ವೋಲ್ಟಿಗೆ ನಿಲ್ಲಬೇಕು ಎಂದು ನೀವು ಹೇಳಲಾರಿರಿ. ರಿಮೋಟಿನಲ್ಲಿ ಮೂರ್ನಾಲ್ಕು ವೇಗದ ಹಂತ ಬದಲಿಸುವುದಷ್ಟೇ ನಿಮ್ಮ ಕೈಯಲ್ಲಿರುವುದು. ಹಬ್ ಮೋಟಾರಿಗೂ ಬೆಲ್ಟ್ ಮೋಟಾರಿಗೂ ಬೇರೆ ಬೇರೆ ಮಾದರಿಗಳಿವೆ, ತರಿಸುವಾಗ ಗಮನಿಸಿ. ರಿಮೋಟು ಕಳೆದರೆ ಅದೇ ಜಾತಿಯದನ್ನೇ ಹುಡುಕಬೇಕು. ಕೆಟ್ಟರೆ ರಿಪೇರಿ ಇಲ್ಲ, ಹೊಸದನ್ನೇ ತರಿಸಬೇಕು.

ವೆಸ್ಕ್ 4.12 ಮತ್ತು ಅದರ ನಕಲುಗಳು

ಮನೆಯಲ್ಲಿ ಬೋರ್ಡು ಕಟ್ಟುವವರ ಲೋಕವನ್ನು ಬದಲಿಸಿದವರು ಸ್ವೀಡನ್ನಿನ ಬೆಂಜಮಿನ್ ವೆಡ್ಡರ್. ತಮ್ಮ ಬೋರ್ಡಿಗೆಂದು ಮಾಡಿಕೊಂಡ ಕಂಟ್ರೋಲರಿನ ನಕ್ಷೆಯನ್ನೂ ತಂತ್ರಾಂಶವನ್ನೂ 2015ರ ಹೊತ್ತಿಗೆ ಎಲ್ಲರಿಗೂ ತೆರೆದಿಟ್ಟರು. ಅದೇ ವೆಸ್ಕ್. ವೆಸ್ಕ್ ಟೂಲ್ ಎಂಬ ಉಚಿತ ತಂತ್ರಾಂಶದಿಂದ ಲ್ಯಾಪ್‌ಟಾಪಿನಲ್ಲಾಗಲಿ ಮೊಬೈಲಿನಲ್ಲಾಗಲಿ ಎಲ್ಲವನ್ನೂ ಹೊಂದಿಸಬಹುದು: ಮೋಟಾರಿನ ಕರೆಂಟ್, ಬ್ರೇಕಿನ ಕರೆಂಟ್, ಬ್ಯಾಟರಿಗೆ ವಾಪಸು ಹೋಗುವ ಮಿತಿ, ವೋಲ್ಟೇಜಿನ ಎರಡೂ ತುದಿ. ರಿಮೋಟಿನ ಸಂಪರ್ಕ ತಪ್ಪಿದರೆ ಬೋರ್ಡು ಸುಮ್ಮನೆ ಉರುಳಬೇಕೆ, ಮೆಲ್ಲಗೆ ಬ್ರೇಕ್ ಹಿಡಿಯಬೇಕೆ ಎಂಬುದನ್ನೂ ನೀವೇ ಹೇಳಬಹುದು. ಒಮ್ಮೆ ಇದರ ರುಚಿ ಕಂಡವರು ಬೀಗದ ಪೆಟ್ಟಿಗೆಗೆ ಮರಳುವುದು ಕಷ್ಟ.

ಹಳೆಯ 4.12 ವಿನ್ಯಾಸದ ನಕಲುಗಳು ಈಗಲೂ ಮಾರಾಟವಾಗುತ್ತವೆ, ವೆಸ್ಕ್‌ಗಳಲ್ಲಿ ಅಗ್ಗ. ಫ್ಲಿಪ್‌ಸ್ಕೈ ಮುಂತಾದ ಹಲವರು ಮಾಡುತ್ತಾರೆ. ನಿರಂತರ ಕರೆಂಟ್ 50 ಆಂಪಿಯರ್, ಒಂದು ಪೆಟ್ಟಿಗೆಗೆ ಒಂದೇ ಮೋಟಾರು. ಇದರ ಮರ್ಮಸ್ಥಾನ ಡಿಆರ್‌ವಿ8302 ಎಂಬ ಚಿಪ್. ನಾನು ಹೆಸರಿಲ್ಲದ ಅಗ್ಗದ ನಕಲೊಂದನ್ನು ತರಿಸಿದ್ದೆ. ಎರಡನೆಯ ತಿಂಗಳಲ್ಲಿ ಒಂದು ಸಂಜೆ ಬೋರ್ಡು ಹೂಂ ಎಂದು ನಿಂತಿತು. ಪೆಟ್ಟಿಗೆ ತೆಗೆದು ಭೂತಗನ್ನಡಿ ಹಿಡಿದೆ. ಎಲ್ಲವೂ ಹೊಸದರಂತೆ ಫಳಫಳ. ಆ ಚಿಪ್ಪಿನ ಕಪ್ಪು ಬೆನ್ನಿನ ಮೇಲೆ ಮಾತ್ರ ಸಾಸಿವೆಯ ಅರ್ಧದಷ್ಟು ಕುಳಿ, ಅದರ ಸುತ್ತ ಬೂದಿಬಣ್ಣ, ಮೂಗಿಗೆ ಹತ್ತಿರ ತಂದರೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಮಾರಿದವರು ನಿಮ್ಮ ಬಳಕೆಯ ತಪ್ಪು ಎಂದು ಬರೆದು ಕೈತೊಳೆದುಕೊಂಡರು.

ಬಳಕೆಯಲ್ಲಿ ತಪ್ಪಿತ್ತು, ಅದನ್ನೂ ಹೇಳಬೇಕು. ಈ ವಿನ್ಯಾಸಕ್ಕೆ ವಿದ್ಯುತ್ ಸುತ್ತಿನ ವೇಗ ನಿಮಿಷಕ್ಕೆ 60,000 ದಾಟಬಾರದು. ಲೆಕ್ಕ ಸುಲಭ: ಮೋಟಾರಿನ ಕೆವಿ, ಬ್ಯಾಟರಿಯ ತುಂಬಿದ ವೋಲ್ಟೇಜ್ ಮತ್ತು ಮೋಟಾರಿನ ಅಯಸ್ಕಾಂತದ ಜೋಡಿಗಳು, ಮೂರನ್ನೂ ಗುಣಿಸಿ. 6374ರಲ್ಲಿ 14 ಧ್ರುವ, ಅಂದರೆ 7 ಜೋಡಿ. 190 ಕೆವಿಗೆ 10ಎಸ್‌ನಲ್ಲಿ 55,860, ಒಳಗಿದೆ. ಅದೇ ಮೋಟಾರಿಗೆ 12ಎಸ್‌ನಲ್ಲಿ 67,032, ಮೀರಿತು. ನಾನು ಮೀರಿದ್ದೆ. ಜೊತೆಗೆ ಸದ್ದಿಲ್ಲದೆ ಓಡಲೆಂದು, ಮೋಟಾರಿಗೆ ಕರೆಂಟನ್ನು ನಯವಾದ ಅಲೆಯಂತೆ ಕೊಡುವ ಎಫ್‌ಓಸಿ ವಿಧಾನ ಇಟ್ಟಿದ್ದೆ, 4.12ಕ್ಕೆ ಗುಂಯ್‌ಗುಡುವ, ಕರೆಂಟನ್ನು ಹಂತಹಂತವಾಗಿ ಕೊಡುವ ಹಳೆಯ ಬಿಎಲ್‌ಡಿಸಿ ವಿಧಾನವೇ ಕ್ಷೇಮ. 10ಎಸ್, ಕಡಿಮೆ ಕೆವಿ, ಮೋಟಾರಿಗೆ 40 ಆಂಪಿಯರ್, ಹಗುರ ಸವಾರ: ಇಷ್ಟರೊಳಗಿದ್ದರೆ ಇದು ಬಾಳುತ್ತದೆ. ಇದಕ್ಕಿಂತ ಹೆಚ್ಚು ಕೇಳಬೇಡಿ.

ವೆಸ್ಕ್ 6ರ ಪೀಳಿಗೆ

ವೆಡ್ಡರ್ ಅವರ ಮುಂದಿನ ವಿನ್ಯಾಸ 6. ಇಂಗ್ಲೆಂಡಿನ ಟ್ರಾಂಪಾ ಕಂಪನಿ ಅವರ ಜೊತೆಗೂಡಿ ಇದನ್ನು ಮಾಡುತ್ತದೆ. ನಿರಂತರ 80 ಆಂಪಿಯರ್, ಕ್ಷಣಕಾಲಕ್ಕೆ 120. 4.12 ಎರಡು ಕಡೆ ಮಾತ್ರ ಕರೆಂಟ್ ಅಳೆಯುತ್ತಿತ್ತು, ಇದು ಮೋಟಾರಿನ ಮೂರೂ ತಂತಿಗಳಲ್ಲಿ ಅಳೆಯುತ್ತದೆ. ಈ ವ್ಯತ್ಯಾಸವೇ ಕಾಲಿಗೆ ಗೊತ್ತಾಗುವುದು. ಎಫ್‌ಓಸಿ ವಿಧಾನದಲ್ಲಿ ನಿರಾಳವಾಗಿ ಓಡುತ್ತದೆ, 12ಎಸ್‌ನಲ್ಲಿ 190 ಕೆವಿ ಇದಕ್ಕೆ ಹೊರೆಯೇ ಅಲ್ಲ. ಮೆಲ್ಲಗೆ ನಡೆಯುವ ಅಜ್ಜಿಯೊಬ್ಬರ ಹಿಂದೆ ನಡಿಗೆಯ ವೇಗದಲ್ಲಿ ಬ್ರೇಕ್ ಹಿಡಿದುಕೊಂಡೇ ಸಾಗಬಹುದು, ಒಂದಿಷ್ಟೂ ಕುಲುಕುವುದಿಲ್ಲ.

ಬೆಲೆಯೇ ತೊಡಕು. ಟ್ರಾಂಪಾ ಎರಡು ಕೊಂಡರೆ ಉಳಿದ ಬೋರ್ಡಿನ ಖರ್ಚಿಗೆ ಸಮ, ಮೇಲೆ ಕಸ್ಟಮ್ಸ್ ಸುಂಕ. ಫ್ಲಿಪ್‌ಸ್ಕೈನ 6.6 ಮತ್ತು 6.7 ಇದೇ ವಿನ್ಯಾಸದ ಮೇಲೆ ಕಟ್ಟಿದವು, ಎರಡು ಮೋಟಾರಿನ ಜೋಡಿ ಪೆಟ್ಟಿಗೆಯೇ ಸಿಗುತ್ತದೆ. ಹೆಚ್ಚುಕಡಿಮೆ ಒಂದು ಟ್ರಾಂಪಾ ಬೆಲೆಗೆ ಆ ಜೋಡಿ ಬರುತ್ತದೆ. ಟ್ರಾಂಪಾದ ಬೆಸುಗೆ, ಪರೀಕ್ಷೆ, ಪ್ರಶ್ನೆಗಳಿಗೆ ಉತ್ತರ ಎಲ್ಲವೂ ಮೇಲು. ದಿನಾ ಕಚೇರಿಗೆ ಹೋಗಿಬರುವವರಿಗೆ ಆ ಹಣ ದಂಡವಲ್ಲ. ವಾರಕ್ಕೊಮ್ಮೆ ಓಡಿಸುವವರಿಗೆ ಜೋಡಿ 6.6 ಸಾಕು, ಆದರೆ ಬಂದ ದಿನವೇ ಮುಚ್ಚಳ ತೆಗೆದು ಕೆಪಾಸಿಟರ್ ಕಾಲುಗಳ ಬೆಸುಗೆಯನ್ನೂ, ಲೋಹದ ಮುಚ್ಚಳಕ್ಕೆ ಬಿಸಿ ದಾಟಿಸುವ ಮೆತ್ತನೆಯ ಹಾಳೆ ಸರಿಯಾಗಿ ಕೂತಿದೆಯೇ ಎಂಬುದನ್ನೂ ನೋಡಿ.

ಒಂಟಿ ವೆಸ್ಕ್‌ಗಳನ್ನು ಎರಡು ಹಾಕುವವರಿಗೆ ಒಂದು ಎಚ್ಚರಿಕೆ. ಅವೆರಡೂ ಕ್ಯಾನ್ ಎಂಬ ಸಂದೇಶದ ತಂತಿಯಲ್ಲಿ ಮಾತಾಡಿಕೊಳ್ಳುತ್ತವೆ. ಒಂದಕ್ಕೆ ಬ್ಯಾಟರಿ ಕೊಟ್ಟು ಇನ್ನೊಂದಕ್ಕೆ ಕೊಡದೆ ಆ ತಂತಿಯನ್ನು ಜೋಡಿಸಿದರೆ ಸಂವಹನದ ಚಿಪ್ ಸಾಯುತ್ತದೆ. ಎರಡಕ್ಕೂ ಒಂದೇ ಸ್ವಿಚ್ಚಿನಿಂದ ಒಟ್ಟಿಗೇ ವಿದ್ಯುತ್ ಹೋಗಲಿ.

75 ವೋಲ್ಟಿನವು

ಸ್ಪಿನ್‌ಟೆಂಡ್ ಕಂಪನಿಯ ಯುಬಾಕ್ಸ್, ಫ್ಲಿಪ್‌ಸ್ಕೈ 75100 ಮುಂತಾದವು 75 ವೋಲ್ಟ್, 100 ಆಂಪಿಯರಿನವು. 90 ಮಿಲಿಮೀಟರ್ ಗಾಲಿಯ ಬೋರ್ಡಿಗೆ ಇವು ಬೇಕಿಲ್ಲ. ಆದರೆ ಗಾಳಿ ತುಂಬಿದ ದೊಡ್ಡ ಟೈರ್ ಹಾಕುವವರ ಮಾತು ಬೇರೆ. ನಮ್ಮ ಗುಂಡಿ, ರಸ್ತೆ ಉಬ್ಬುಗಳಿಗೆ ಸಣ್ಣ ಗಾಲಿಗಿಂತ ಅಂಥ ಟೈರೇ ವಾಸಿ. ಗಾಲಿಯ ವ್ಯಾಸ ಇಮ್ಮಡಿಯಾದರೆ ಅದೇ ಹಲ್ಲಿನ ಲೆಕ್ಕದಲ್ಲಿ ನೆಲಕ್ಕೆ ಸಿಗುವ ಬಲ ಅರ್ಧವಾಗುತ್ತದೆ, ಎಳೆಯಲೂ ನಿಲ್ಲಿಸಲೂ. ಅದನ್ನು ತುಂಬಿಕೊಳ್ಳಲು ಹಲ್ಲಿನ ಅನುಪಾತ ಏರಿಸಬೇಕು ಅಥವಾ ಕರೆಂಟ್ ಏರಿಸಬೇಕು. 12ಎಸ್ ಬ್ಯಾಟರಿಯನ್ನೇ ಇಟ್ಟುಕೊಂಡು 75 ವೋಲ್ಟಿನ ಕಂಟ್ರೋಲರ್ ಹಾಕಿದರೆ ಇನ್ನೊಂದು ಲಾಭ: ಬ್ರೇಕಿನಲ್ಲಿ ಏರುವ ವೋಲ್ಟೇಜಿಗೆ 25 ವೋಲ್ಟಿನಷ್ಟು ಜಾಗ ಉಳಿಯುತ್ತದೆ. ಇಳಿಜಾರಿನ ಮಡಿಕೇರಿ, ಚಿಕ್ಕಮಗಳೂರಿನ ಕಡೆಯವರಿಗೆ ನಾನು ಇದನ್ನೇ ಹೇಳುತ್ತೇನೆ. ಅಲ್ಲಿಯ ಮಳೆಗೆ ಮಾತ್ರ ಯಾವ ಕಂಟ್ರೋಲರೂ ಮದ್ದಲ್ಲ. ಪೆಟ್ಟಿಗೆಯ ಅಂಚಿಗೆ ರಬ್ಬರ್ ಪಟ್ಟಿ ಹಾಕಿ, ನೀರು ನಿಂತ ರಸ್ತೆಗೆ ಇಳಿಸಬೇಡಿ.

ಯಾರಿಗೆ ಯಾವುದು

ಕೈಯಲ್ಲಿ ಹಣ ಕಡಿಮೆ, ಹಬ್ ಮೋಟಾರು, ಸಮತಟ್ಟು ರಸ್ತೆ, ತಂತ್ರಾಂಶದ ಗೋಜು ಬೇಡ ಎಂದರೆ ಹಾಬಿವಿಂಗ್. ಬ್ಯಾಟರಿ ಮಾತ್ರ ಅದು ಕೇಳುವ ವೋಲ್ಟಿನದೇ ಇರಲಿ, ತುಂಬಾ ಚಿಕ್ಕ ಪ್ಯಾಕ್ ಬೇಡ. ಒಂದೇ ಬೆಲ್ಟ್ ಮೋಟಾರಿನಿಂದ ಕಲಿಯಲು ಶುರುಮಾಡುವವರು ಹೆಸರಿರುವ ಕಂಪನಿಯ 4.12 ತೆಗೆದುಕೊಂಡು 10ಎಸ್‌ಗೆ ನಿಲ್ಲಲಿ; 22 ಮೀಟರನ್ನು ನೆನಪಿಟ್ಟುಕೊಂಡು 20ರ ವೇಗ ದಾಟದಿರಲಿ. ಎರಡು ಮೋಟಾರು, ಏರು ಇಳಿಜಾರು, 80 ಕಿಲೋ ಆಸುಪಾಸು ಎಂದರೆ 6ರ ಪೀಳಿಗೆಯ ಜೋಡಿ. ದೊಡ್ಡ ಟೈರ್ ಅಥವಾ ಘಟ್ಟದ ರಸ್ತೆಗೆ 75 ವೋಲ್ಟ್. ಹಣ ಸಾಲದೆ ಏನನ್ನಾದರೂ ಬಿಡಬೇಕಾದರೆ ಹಲಗೆಯಲ್ಲಿ ಬಿಡಿ, ಲೈಟಿನಲ್ಲಿ ಬಿಡಿ. ಕಂಟ್ರೋಲರಿನಲ್ಲೂ ಸೆಲ್ಲಿನಲ್ಲೂ ಬೇಡ. ಒಂದು ತಿಂಗಳು ತಡವಾದರೂ ಆಗಲಿ.

ಹುಡುಗ ಕೊನೆಗೆ ಜೋಡಿ 6.6 ಆರಿಸಿದ. "ಹಾಗಾದರೆ ಬ್ಯಾಟರಿ, ಅಣ್ಣ? 10ಎಸ್2ಪಿ ಸಾಕಲ್ಲವೇ?" ಎಂದು ಕೇಳಿದ. ಬ್ರೇಕಿನ ಲೆಕ್ಕವನ್ನು ಕಾಗದದ ಮೇಲೆ ಅವನಿಂದಲೇ ಮಾಡಿಸಿದೆ. ಎಂಟು ಆಂಪಿಯರ್ ಎಂಬ ಉತ್ತರ ಬಂದಾಗ ಸುಮ್ಮನೆ ಕೂತ, ಆಮೇಲೆ 4ಪಿ ಎಂದು ತಿದ್ದಿದ. ಅವನಿಗೆ ಬರೆದುಕೊಟ್ಟ ಮೊದಲ ವಾರದ ಅಂಕಿಗಳು ಇವು: ಪ್ರತಿ ಮೋಟಾರಿಗೆ 30 ಆಂಪಿಯರ್, ಬ್ರೇಕಿಗೂ ಅಷ್ಟೇ, ಬ್ಯಾಟರಿಗೆ ವಾಪಸು ಎರಡೂ ಕಡೆಯಿಂದ 8ರಂತೆ ಒಟ್ಟು 16, ಚಾರ್ಜಿಂಗ್ 41 ವೋಲ್ಟಿಗೆ ನಿಲ್ಲಬೇಕು. ಬೋರ್ಡು ಸಿದ್ಧವಾದ ದಿನ ಮೊದಲ ಓಟ ನೀರಿನ ಟ್ಯಾಂಕಿನ ಇಳಿಜಾರಿನಲ್ಲಲ್ಲ, ಶಾಲೆಯ ಮೈದಾನದಲ್ಲಿ ಎಂದು ಮಾತು ತೆಗೆದುಕೊಂಡಿದ್ದೇನೆ.